ನೀರು ನಿಂತ ಅಂಡರ್‌ಪಾಸ್ ಮುಂದೆ ಗಾಡಿ ತಿರುಗಿಸುವ ಹಕ್ಕು ಯಾರಿಗಿದೆ?

2023ರ ಮೇ 21, ಭಾನುವಾರ. ಹಿಂದಿನ ದಿನವಷ್ಟೇ ಕಂಠೀರವ ಕ್ರೀಡಾಂಗಣದಲ್ಲಿ ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿತ್ತು. ಮಧ್ಯಾಹ್ನ ಬೆಂಗಳೂರಿಗೆ ಆಲಿಕಲ್ಲು ಸಮೇತ ಮಳೆ ಬಂತು. ವಿಧಾನಸೌಧದಿಂದ ನಡೆದು ಹೋಗುವಷ್ಟು ಹತ್ತಿರದ ಕೆ.ಆರ್. ವೃತ್ತದ ಅಂಡರ್‌ಪಾಸಿಗೆ ಒಂದು ಬಾಡಿಗೆ ಕಾರು ಇಳಿಯಿತು. ಒಳಗಿದ್ದದ್ದು ಆಂಧ್ರ ಮೂಲದ ಒಂದು ಕುಟುಂಬ. ಕಾರು ನಡುವೆ ನಿಂತಿತು, ನೀರು ಏರಿತು. ಉಳಿದವರನ್ನು ಜನ ಮತ್ತು ರಕ್ಷಣಾ ಸಿಬ್ಬಂದಿ ಹೊರಗೆಳೆದರು. ಇಪ್ಪತ್ತರ ಆಸುಪಾಸಿನ ಐಟಿ ಉದ್ಯೋಗಿ ಯುವತಿ ಬದುಕಲಿಲ್ಲ.

ಆಸ್ಪತ್ರೆಗೆ ಬಂದ ಮುಖ್ಯಮಂತ್ರಿಗಳು ಪರಿಹಾರ ಘೋಷಿಸಿದರು. ಜೊತೆಗೆ, ಮಳೆಗೆ ಬ್ಯಾರಿಕೇಡ್ ಬಿದ್ದುಹೋಗಿತ್ತು, ಚಾಲಕ ಆ ರಿಸ್ಕ್ ತೆಗೆದುಕೊಳ್ಳಬಾರದಿತ್ತು ಎಂಬರ್ಥದ ಮಾತನ್ನೂ ಹೇಳಿದರು. ಚಾಲಕನ ಮೇಲೂ ಪಾಲಿಕೆ ಅಧಿಕಾರಿಗಳ ಮೇಲೂ ದೂರು ದಾಖಲಾಯಿತು, ಪೊಲೀಸರು ಚಾಲಕನನ್ನು ಬಂಧಿಸಿದರು. ಆಮೇಲೆ ಗೊತ್ತಲ್ಲ, ನಮ್ಮ ಟೈಮ್‌ಲೈನ್‌ಗಳು ಎರಡು ಪಾಲಾದವು. ಒಂದು ಕಡೆ 'ಕಣ್ಣು ಕಾಣಿಸುತ್ತಿರಲಿಲ್ವಾ ಆ ಡ್ರೈವರ್‌ಗೆ' ಅನ್ನುವವರು. ಇನ್ನೊಂದು ಕಡೆ 'ಚರಂಡಿ ಹೂಳು ತೆಗೆಯದ ಪಾಲಿಕೆಯೇ ಕೊಲೆಗಾರ' ಅನ್ನುವವರು.

ನಾನು ಎರಡನೇ ಗುಂಪಿನವನು, ಈಗಲೂ. ಆದರೆ ವ್ಯವಸ್ಥೆ ಸರಿಯಾಗುವ ತನಕ ನಾವೆಲ್ಲ ಅದೇ ಅಂಡರ್‌ಪಾಸ್‌ಗಳಲ್ಲಿ ಓಡಾಡಬೇಕಲ್ಲ. ಹಾಗಾಗಿ ನೀರಿನ ಅಂಚಿನಲ್ಲಿ ಗಾಡಿ ನಿಲ್ಲಿಸಿಕೊಂಡ ಮನುಷ್ಯ ಹೇಗೆ ಯೋಚಿಸಬೇಕು, ಹಾಗೆ ಯೋಚಿಸಲು ಅವನನ್ನು ಯಾರು ಬಿಡುತ್ತಿಲ್ಲ ಅನ್ನುವುದನ್ನು ಒಟ್ಟಿಗೇ ನೋಡೋಣ. ಮೊದಲನೆಯದಕ್ಕೆ ಸ್ವಲ್ಪ ಹೈಸ್ಕೂಲ್ ಫಿಸಿಕ್ಸ್ ಬೇಕು.

ಒಂದು ಗೇಣು ನೀರು ಸಾಕು

ನಿಂತ ನೀರು ನಮಗೆ ಹೇಳುವ ದೊಡ್ಡ ಸುಳ್ಳು ಅದರ ಮೇಲ್ಮೈಯಲ್ಲೇ ಇದೆ. ಅಂಡರ್‌ಪಾಸಿನ ರಸ್ತೆ ಬಟ್ಟಲಿನ ಹಾಗೆ ಇಳಿಜಾರು, ನೀರು ಮಾತ್ರ ಸಪಾಟು. ನಿಮ್ಮ ಮುಂದಿನ ಚಕ್ರದ ಹತ್ತಿರ ನಾಲ್ಕು ಬೆರಳು ನೀರಿದ್ದರೆ ಮೂವತ್ತು ಮೀಟರ್ ಮುಂದೆ ಆಳುದ್ದ ಇರಬಹುದು. ಎರಡೂ ಕಡೆ ಕಾಣುವುದು ಒಂದೇ ಕಂದು ಚಾದರ. ದಿನಾ ಓಡಾಡುವವರಿಗೂ ಆ ರಸ್ತೆ ಎಷ್ಟು ಇಳಿಯುತ್ತದೆ ಎಂಬ ಅಂದಾಜು ಇರುವುದಿಲ್ಲ. ಒಣಗಿದ್ದಾಗ ಅದನ್ನು ಗಮನಿಸುವ ಅಗತ್ಯ ಯಾರಿಗೂ ಬಿದ್ದಿರುವುದಿಲ್ಲ.

ಎರಡನೇ ಸುಳ್ಳು ಸಮಯದ್ದು. ಒಂದು ಎಕರೆ ಕಾಂಕ್ರೀಟಿನ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿತ್ತು ಅಂದುಕೊಳ್ಳಿ. ಅಂದರೆ ಎರಡು ಲಕ್ಷ ಲೀಟರ್ ನೀರು, 12 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹದಿನೇಳು ಲೋಡು. ಮಣ್ಣಾಗಿದ್ದರೆ ಒಂದಷ್ಟು ಇಂಗುತ್ತಿತ್ತು. ಡಾಂಬರು, ಟೈಲ್ಸ್, ಬೇಸ್‌ಮೆಂಟ್ ಪಾರ್ಕಿಂಗ್ ಇರುವ ಕಡೆ ಅಷ್ಟೂ ನೀರು ತಗ್ಗು ಹುಡುಕಿಕೊಂಡು ಹೊರಡುತ್ತದೆ, ಆ ತಗ್ಗು ಎಷ್ಟೋ ಸಲ ಅಂಡರ್‌ಪಾಸೇ ಆಗಿರುತ್ತದೆ. ತಳದ ಜಾಲರಿಗೆ ಎಲೆ, ಪ್ಲಾಸ್ಟಿಕ್, ಆಲಿಕಲ್ಲು ಬಂದು ಕೂತರೆ ಹೊರದಾರಿ ಬಂದ್. ಹಾಗಾಗಿ 'ಈಗಷ್ಟೇ ಮುಂದಿನ ಕಾರು ಹೋಯಿತಲ್ಲ' ಅನ್ನುವುದು ಪುರಾವೆಯೇ ಅಲ್ಲ. ಅದು ಹೋದದ್ದು ಎರಡು ನಿಮಿಷ ಹಿಂದಿನ ನೀರಿನಲ್ಲಿ.

ಇನ್ನು ಕಾರು ತೇಲುವ ವಿಷಯ. ಒಂದೂವರೆ ಎರಡು ಅಡಿ ನೀರು ಏನು ಮಹಾ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆರ್ಕಿಮಿಡೀಸ್‌ನನ್ನು ಒಮ್ಮೆ ನೆನಪಿಸಿಕೊಳ್ಳಿ. ಸಣ್ಣ ಹ್ಯಾಚ್‌ಬ್ಯಾಕ್ ಕಾರಿನ ತೂಕ ಸುಮಾರು 900 ಕೆಜಿ. ಉದ್ದ ಮೂರೂವರೆ ಮೀಟರ್, ಅಗಲ ಒಂದೂವರೆ ಮೀಟರ್. ನೀರು ಕಾರಿನ ತಳ ಮುಟ್ಟಿದ ಮೇಲೆ ಪ್ರತಿ 10 ಸೆಂಟಿಮೀಟರ್ ಏರಿದಾಗಲೂ ಸರಿಸುಮಾರು 500 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, ಅಂದರೆ ಕಾರನ್ನು 500 ಕೆಜಿ ಬಲ ಮೇಲಕ್ಕೆ ಎತ್ತುತ್ತದೆ. ಹದಿನೆಂಟು ಸೆಂಟಿಮೀಟರಿಗೆ ಕಾರಿನ ತೂಕ ಪೂರ್ತಿ ಮಾಯ. ಅದು ಒಂದು ಗೇಣಿಗಿಂತ ಕಮ್ಮಿ. ನೆಲದಿಂದ ಕಾರಿನ ತಳಕ್ಕೆ ಇರುವ 17 ಸೆಂಟಿಮೀಟರ್ ಸೇರಿಸಿದರೂ ಒಟ್ಟು 35. ಒಳಗೆ ನೀರು ಸೋರುತ್ತಾ ಹೋಗುವುದರಿಂದ ಕಾರು ದೋಣಿಯ ಹಾಗೆ ಬಹಳ ಹೊತ್ತು ತೇಲುವುದಿಲ್ಲ, ನಿಜ. ಆದರೆ ಪೂರ್ತಿ ತೇಲಬೇಕೆಂದೇನೂ ಇಲ್ಲ. ಅರ್ಧ ತೂಕ ಹೋದರೆ ಟೈರಿನ ಹಿಡಿತ ಹೋಯಿತು. ಸ್ಟೀರಿಂಗ್ ನಿಮ್ಮ ಕೈಯಲ್ಲೇ ಇರುತ್ತದೆ, ಕಾರು ಇರುವುದಿಲ್ಲ.

'ನಮ್ಮದು ಎಸ್‌ಯುವಿ ಗುರು' ಅನ್ನುವವರಿಗೂ ಇದೇ ಲೆಕ್ಕ. ತೂಕ 1700 ಕೆಜಿ ಇರಲಿ. ಆದರೆ ಅದು ಉದ್ದವೂ ಹೌದು, ಅಗಲವೂ ಹೌದು, ಪ್ರತಿ 10 ಸೆಂಟಿಮೀಟರಿಗೆ 800 ಕೆಜಿ ಎತ್ತುಬಲ ಸಿಗುತ್ತದೆ. 21 ಸೆಂಟಿಮೀಟರಿಗೆ ಅದರದ್ದೂ ತೂಕ ಮಾಯ. ನೆಲದಿಂದ ಎತ್ತರ 20 ಅಂದರೆ ಒಟ್ಟು 41. ದುಪ್ಪಟ್ಟು ತೂಕದ ಗಾಡಿಗೆ ಸಿಕ್ಕ ಹೆಚ್ಚುವರಿ ರಕ್ಷಣೆ ಬರೀ ಆರು ಸೆಂಟಿಮೀಟರ್! 2024ರ ಸೆಪ್ಟೆಂಬರ್‌ನಲ್ಲಿ ಹರಿಯಾಣದ ಫರೀದಾಬಾದ್‌ನ ರೈಲ್ವೆ ಅಂಡರ್‌ಪಾಸಿನಲ್ಲಿ ಮುಳುಗಿ ಇಬ್ಬರು ಬ್ಯಾಂಕ್ ಉದ್ಯೋಗಿಗಳು ಸತ್ತದ್ದು ಎಸ್‌ಯುವಿಯಲ್ಲೇ. ಜಾಹೀರಾತುಗಳಲ್ಲಿ ಹೊಳೆ ಸೀಳಿಕೊಂಡು ಬರುವ ಗಾಡಿಗಳ ಕಥೆ ಬಿಡಿ.

ಹರಿಯುವ ನೀರಾದರೆ ಲೆಕ್ಕ ಇನ್ನೂ ಕೆಡುತ್ತದೆ. ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಅರ್ಧ ಅಡಿಯ ರಭಸದ ನೀರು ಗಟ್ಟಿ ಆಳನ್ನೂ ಬೀಳಿಸುತ್ತದೆ. ಅಮೆರಿಕದ ಹವಾಮಾನ ಇಲಾಖೆ ವರ್ಷಗಳಿಂದ ಒಂದೇ ಮಾತನ್ನು ಪ್ರಚಾರ ಮಾಡುತ್ತಿದೆ: ತಿರುಗಿ ಹೋಗಿ, ಮುಳುಗಬೇಡಿ. ಅಲ್ಲಿ ಪ್ರವಾಹದಲ್ಲಿ ಮುಳುಗಿ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನೀರಿಗೆ ಗಾಡಿ ಇಳಿಸಿದವರು.

ಹಾಗಾದರೆ ಅಂಚಿನಲ್ಲಿ ನಿಂತು ನೋಡುವುದು ಏನನ್ನು? ನಾನು ಸ್ಕೂಟರ್ ಓಡಿಸುವವನು. ನನ್ನ ನಿಯಮ ಸರಳ: ರಸ್ತೆ ಪಕ್ಕದ ಕಲ್ಲಂಚು ಕಾಣದಿದ್ದರೆ ಇಳಿಯುವುದಿಲ್ಲ. ಕಲ್ಲಂಚು ಮುಳುಗಿದೆ ಅಂದರೆ ಗುಂಡಿ, ಬಾಯ್ದೆರೆದ ಮ್ಯಾನ್‌ಹೋಲ್, ಅಗೆದು ಬಿಟ್ಟ ಕೇಬಲ್ ಗುಂಡಿ ಯಾವುದೂ ಕಾಣುವುದಿಲ್ಲ ಎಂದರ್ಥ. ಕಾರಿನವರು ಅಲ್ಲೇ ನಿಂತ ಬೇರೆ ಗಾಡಿಗಳ ಚಕ್ರ ನೋಡಬಹುದು, ಚಕ್ರದ ನಡುಭಾಗದ ತನಕ ನೀರಿದ್ದರೆ ಮುಗಿಯಿತು. ಅಂಡರ್‌ಪಾಸಿಗೆ ಮಾತ್ರ ನನ್ನದು ವಿನಾಯಿತಿಯಿಲ್ಲದ ನಿಯಮ. ತಳ ಕಾಣದಿದ್ದರೆ ಆಳ ಅಳೆಯುವ ಗೋಜಿಗೇ ಹೋಗುವುದಿಲ್ಲ, ಮೇಲಿನ ರಸ್ತೆ ಹಿಡಿಯುತ್ತೇನೆ.

ಮಳೆಯಲ್ಲಿ ಸಾಮಾನ್ಯ ಚಾಲನೆಯ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನೇ ಹೇಳಿ ಬೋರು ಹೊಡೆಸುವುದಿಲ್ಲ. ಎರಡೇ ಮಾತು. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಟೈರು ಮತ್ತು ರಸ್ತೆಯ ನಡುವೆ ನೀರಿನ ಪದರ ಸೇರಿಕೊಂಡು ಕಾರು ಜಾರತೊಡಗಿದರೆ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೆಟ್ಟಗೆ ಹಿಡಿಯಿರಿ. ಸವೆದ ಟೈರು ಇದನ್ನು ಬೇಗ ಕರೆಯುತ್ತದೆ, ಕಾರಿನ ಟೈರಿನ ಗೆರೆ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರವೂ ಅದರ ಆಯಸ್ಸು ಮುಗಿದಿದೆ. ಮತ್ತೆ ದಯವಿಟ್ಟು, ಮಳೆ ಬಂತು ಅಂತ ನಾಲ್ಕೂ ಇಂಡಿಕೇಟರ್ ಮಿಣುಕಿಸಿಕೊಂಡು ಓಡಿಸಬೇಡಿ. ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಹಿಂದಿನವನಿಗೆ ದೇವರಾಣೆ ಗೊತ್ತಾಗುವುದಿಲ್ಲ.

ಕಾರು ನೀರಲ್ಲಿ ನಿಂತುಬಿಟ್ಟರೆ

ಮೊದಲ ಪ್ರವೃತ್ತಿ ಮತ್ತೆ ಸ್ಟಾರ್ಟ್ ಮಾಡುವುದು. ಮಾಡಬೇಡಿ. ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ನೀರು ನುಗ್ಗಿದ್ದರೆ ಪಿಸ್ಟನ್ ಅದನ್ನು ಒತ್ತಲು ಹೋಗುತ್ತದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ, ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಥರ್ಡ್ ಪಾರ್ಟಿ ವಿಮೆ ಇದಕ್ಕೆ ಒಂದು ರೂಪಾಯಿ ಕೊಡುವುದಿಲ್ಲ. ಸಮಗ್ರ ವಿಮೆಯಲ್ಲೂ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ತೆಗೆದುಕೊಂಡಿರದಿದ್ದರೆ, ನೀರಲ್ಲಿ ಸ್ಟಾರ್ಟ್ ಮಾಡಿ ಕೆಡಿಸಿಕೊಂಡ ಎಂಜಿನ್‌ಗೆ ಹಣ ಸಿಗುವುದು ಕಷ್ಟ.

ಎಂಜಿನ್ ಹಾಳಾಗಿ ಹೋಗಲಿ, ನೀವು ಹೊರಗೆ ಬನ್ನಿ. ಬಾಗಿಲಿನ ಹೊರಗೆ 60 ಸೆಂಟಿಮೀಟರ್ ನೀರಿದ್ದು ಒಳಗೆ ಇನ್ನೂ ತುಂಬಿಲ್ಲದಿದ್ದರೆ, ಒಂದು ಮೀಟರ್ ಅಗಲದ ಬಾಗಿಲ ಮೇಲೆ ಸುಮಾರು 180 ಕೆಜಿಯ ಒತ್ತಡ ಕೂತಿರುತ್ತದೆ. ಗಾಬರಿಯಲ್ಲಿರುವ ಮನುಷ್ಯನ ಕೈಲಿ ತಳ್ಳಲಾಗುವುದಿಲ್ಲ. ಆದ್ದರಿಂದ ದಾರಿ ಕಿಟಕಿ, ಅದೂ ಮೊದಲ ಒಂದು ನಿಮಿಷದಲ್ಲಿ. ವಿದ್ಯುತ್ ವ್ಯವಸ್ಥೆ ಕೈಕೊಡುವ ಮೊದಲೇ ಗಾಜು ಇಳಿಸಬೇಕು. ಅನುಕ್ರಮ ಇಷ್ಟು: ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ, ಕಾರಿನ ಚಾವಣಿ ಹತ್ತಿ. ಫೋನ್ ಆಮೇಲೆ. ಗಾಜು ಇಳಿಯದಿದ್ದರೆ ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಿರಿ. ಮುಂದಿನ ಗಾಜು ಪದರದ್ದು, ಅದನ್ನು ಒಡೆಯುತ್ತಾ ಕೂತರೆ ಸಮಯ ಹೋಗುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಗಾಜು ಒಡೆಯುವ ಸುತ್ತಿಗೆ ಡ್ಯಾಶ್‌ಬೋರ್ಡಿನ ಗಣಪತಿಯ ಪಕ್ಕ ಇಟ್ಟರೆ ಗಣಪತಿಗೇನೂ ಬೇಜಾರಿಲ್ಲ.

ದ್ವಿಚಕ್ರದವರಿಗೆ ಒಂದು ಎಚ್ಚರಿಕೆ. 2022ರ ಸೆಪ್ಟೆಂಬರ್ 5, ಹೊರ ವರ್ತುಲ ರಸ್ತೆ ಮುಳುಗಿ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗುತ್ತಿದ್ದ ಆ ವಾರ. ವೈಟ್‌ಫೀಲ್ಡ್ ಬಳಿ ನೀರು ನಿಂತ ರಸ್ತೆಯಲ್ಲಿ ಸ್ಕೂಟರ್ ಜಾರಿದ 23ರ ಯುವತಿ ಆಸರೆಗೆಂದು ಪಕ್ಕದ ಕಂಬ ಹಿಡಿದಳು. ಅದು ವಿದ್ಯುತ್ ಕಂಬ. ಅಲ್ಲೇ ಸತ್ತಳು. ನೀರಲ್ಲಿ ಬಿದ್ದರೆ ಕಂಬ, ಟ್ರಾನ್ಸ್‌ಫಾರ್ಮರ್ ಬೇಲಿ, ಕಬ್ಬಿಣದ ಬೋರ್ಡು ಯಾವುದನ್ನೂ ಮುಟ್ಟಬೇಡಿ. ಗಾಡಿ ಬಿದ್ದರೆ ಬೀಳಲಿ.

ತಿರುಗಿಸಿದರೆ ಬಾಡಿಗೆ ಯಾರು ಕೊಡ್ತಾರೆ?

ಇಷ್ಟೆಲ್ಲ ಗೊತ್ತಿದ್ದೂ ಜನ ಇಳಿಯುತ್ತಾರಲ್ಲ, ಯಾಕೆ? 'ಅಜ್ಞಾನ' ಅಂದುಬಿಡುವುದು ಸುಲಭ. ಸ್ವಂತ ಕಾರಿನಲ್ಲಿ, ಸ್ವಂತ ಸಮಯದಲ್ಲಿ ಹೋಗುತ್ತಿರುವವನಿಗೆ ತಿರುಗಿಸುವುದರ ಬೆಲೆ ಅರ್ಧ ಗಂಟೆ. ಕ್ಯಾಬ್ ಚಾಲಕನಿಗೆ? ಆ್ಯಪ್‌ನ ನಕ್ಷೆ ಅಂಡರ್‌ಪಾಸನ್ನೇ ತೋರಿಸುತ್ತಿದೆ. ಹಿಂದಿನ ಸೀಟಿನವರಿಗೆ ವಿಮಾನ ತಪ್ಪುತ್ತದೆ. ಸುತ್ತು ಹಾಕಿದರೆ 'ಬೇಕಂತಲೇ ಸುತ್ತಿಸಿದ' ಎಂಬ ದೂರು, ರದ್ದು ಮಾಡಿದರೆ ಅಂಕ ಖೋತಾ. ಊಟ ತಲುಪಿಸುವ ಹುಡುಗರ ಕಥೆ ಇನ್ನೂ ವಿಚಿತ್ರ. ಮಳೆ ಜೋರಾದಾಗ ಆರ್ಡರ್ ಹೆಚ್ಚುತ್ತದೆ, ಹೆಚ್ಚುವರಿ ಹಣದ ಆಸೆಯೂ ತೆರೆಯ ಮೇಲೆ ಮಿಂಚುತ್ತದೆ. ಅಂದರೆ ರಸ್ತೆ ಅತ್ಯಂತ ಅಪಾಯಕಾರಿಯಾದ ಗಂಟೆಯಲ್ಲೇ ಅವರನ್ನು ರಸ್ತೆಗೆ ಕರೆಯುವ ಲೆಕ್ಕಾಚಾರ. ನಾವು ಕಿಟಕಿ ಪಕ್ಕ ಕೂತು 'ವೆದರ್ ಸಖತ್ತಾಗಿದೆ' ಅಂತ ಸ್ಟೇಟಸ್ ಹಾಕಿ ಬಜ್ಜಿ ಆರ್ಡರ್ ಮಾಡುವವರು, ಆ ಲೆಕ್ಕಾಚಾರದ ಇನ್ನೊಂದು ತುದಿ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿತು. ಮಂಡಳಿ, ಕ್ಷೇಮಾಭಿವೃದ್ಧಿ ಶುಲ್ಕ ಎಲ್ಲ ಬಂದವು, ಒಳ್ಳೆಯದೇ. ಆದರೆ ಸತ್ತ ಮೇಲಿನ ಪರಿಹಾರಕ್ಕಿಂತ ಮುಂಚಿನ ಒಂದು ಸಣ್ಣ ಸಂಗತಿ ನನಗೆ ಮುಖ್ಯ: ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ಗಂಟೆಗಳಲ್ಲಿ ಮಾಡಿದ ರದ್ದತಿಗೆ ದಂಡವಿರಬಾರದು, ಅಂಕ ಕಡಿತವಿರಬಾರದು. ತಾಂತ್ರಿಕವಾಗಿ ಇದು ನಾಲ್ಕು ಸಾಲಿನ ಕೋಡ್. ಕಾರ್ಮಿಕ ಸಂಘಟನೆಗಳು ಮತ್ತು ನಾವು, ಅಂದರೆ ಗ್ರಾಹಕರು, ಒಟ್ಟಿಗೆ ಕೇಳಬಹುದಾದ ಬೇಡಿಕೆ.

ಧೈರ್ಯವನ್ನು ನಾವು ಹೇಗೆ ಮೆರೆಸುತ್ತೇವೆ ಎನ್ನುವುದೂ ಇಲ್ಲಿ ಸೇರುತ್ತದೆ. 2019ರ ಆಗಸ್ಟ್, ಕೃಷ್ಣೆ ಉಕ್ಕಿ ಹರಿಯುತ್ತಿದ್ದ ದಿನಗಳು. ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯಲ್ಲಿ ಶವ ಸಾಗಿಸುತ್ತಿದ್ದ ಆಂಬುಲೆನ್ಸ್ ಮುಳುಗಿದ ಸೇತುವೆಯ ಮುಂದೆ ನಿಂತಿತ್ತು. ದಾರಿ ಎಲ್ಲಿದೆ ಎಂದು ತೋರಿಸಲು ಒಬ್ಬ ಶಾಲಾ ಬಾಲಕ ನೀರಿಗಿಳಿದು ಮುಂದೆ ಮುಂದೆ ಓಡಿದ, ಆಂಬುಲೆನ್ಸ್ ಹಿಂಬಾಲಿಸಿ ದಾಟಿತು. ವಿಡಿಯೊ ದೇಶವೆಲ್ಲ ಹರಿದಾಡಿತು. ಬಾಲಕನಿಗೆ ಸ್ವಾತಂತ್ರ್ಯೋತ್ಸವದಲ್ಲಿ ಸನ್ಮಾನ, ಆಮೇಲೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ. ಆ ಹುಡುಗನ ಮನಸ್ಸಿಗೆ ನನ್ನದೂ ನಮಸ್ಕಾರ. ಆದರೆ ವಿಡಿಯೊ ಮತ್ತೆ ನೋಡಿದಾಗಲೆಲ್ಲ ನನಗೆ ಕಾಣುವುದು ಬೇರೆ. ದಾರಿಯ ಅಂಚು ತೋರಿಸಲು ಅಲ್ಲಿ ಒಂದು ಕಂಬ ಕಾಣುವುದಿಲ್ಲ, ಆಳ ಹೇಳುವ ಒಂದು ಅಳತೆಪಟ್ಟಿ ಕಾಣುವುದಿಲ್ಲ, ತಡೆದು ನಿಲ್ಲಿಸುವ ಒಬ್ಬ ಸಿಬ್ಬಂದಿ ಕಾಣುವುದಿಲ್ಲ. ಅವೆಲ್ಲದರ ಕೆಲಸವನ್ನು ಒಂದು ಮಗುವಿನ ದೇಹ ಮಾಡುತ್ತಿತ್ತು. ನಾವು ಚಪ್ಪಾಳೆ ತಟ್ಟಿದೆವು. ಅದೇ ವಿಡಿಯೊದಲ್ಲಿ ಹುಡುಗ ಕೊಚ್ಚಿಹೋಗಿದ್ದರೆ ಅದೇ ಚಾಲಕ ಜೈಲಿನಲ್ಲಿರುತ್ತಿದ್ದ.

ಇನ್ನು ಎಲ್ಲಿ ನಿಲ್ಲಬೇಕು ಎಂಬ ವಿವೇಕವೂ ಯಾವಾಗಲೂ ಚಾಲಕನ ಕೈಯಲ್ಲಿ ಇರುವುದಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಚಹಾ ಅಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿ ನದಿಗೆ ತಳ್ಳಿತು. ಕೇರಳದ ಚಾಲಕನೊಬ್ಬನ ಲಾರಿ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳ ಮೇಲೆ. ಮಳೆಯಲ್ಲಿ ದಣಿದ ಚಾಲಕ ರಸ್ತೆ ಬದಿ ನಿಲ್ಲಿಸುವುದು ಒಳ್ಳೆಯ ವಿವೇಕವೇ. ಆದರೆ ರಸ್ತೆಗಾಗಿ ನೇರ ಕಡಿದ ಗುಡ್ಡದ ಬುಡದಲ್ಲಿ ನಿಲ್ಲಬಾರದು ಎಂದು ಹೇಳುವ ಫಲಕವಾದರೂ ಬೇಡವೇ? ಘಟ್ಟದ ದಾರಿಯಲ್ಲಿ ಹೋಗುವವರು ಗಮನಿಸಿ: ಗುಡ್ಡದಿಂದ ಕೆಸರು ನೀರು ಹೊಸದಾಗಿ ಒಸರುತ್ತಿದ್ದರೆ, ಸಣ್ಣ ಕಲ್ಲು ಉರುಳುತ್ತಿದ್ದರೆ, ಮರ ವಾಲಿದ್ದರೆ ಅಲ್ಲಿ ಫೋಟೊಗೂ ನಿಲ್ಲಬೇಡಿ.

ಗೇಟು ಹಾಕುವವರು ಯಾರು?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಎಂಬ ಸೆಕ್ಷನ್ ಸೇರಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಯಾದ ಪ್ರಾಧಿಕಾರಕ್ಕೆ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಕೆ.ಆರ್. ವೃತ್ತದ ಘಟನೆಯ ಕಾಲಕ್ಕೆ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ವ್ಯಕ್ತಿಗೆ ಇದ್ದದ್ದು ಎರಡು ವರ್ಷದವರೆಗಿನ ಜೈಲು, ಈಗಿನ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಏರಿದೆ. ಸ್ಟೀರಿಂಗ್ ಹಿಡಿದವನಿಗೆ ಸೆರೆ, ಬಟ್ಟಲಿನಂಥ ರಸ್ತೆ ಕಟ್ಟಿ ಜಾಲರಿ ಸ್ವಚ್ಛ ಮಾಡದ ಸಂಸ್ಥೆಗೆ ದಂಡ, ಅದೂ ಯಾರಾದರೂ ಆ ಸೆಕ್ಷನ್ ಬಳಸಿದರೆ.

ಬೆಂಗಳೂರಿನಲ್ಲಿ ಕೇಳಲು ಹೋದರೆ ಕಾರ್ಪೊರೇಟರ್ ಇಲ್ಲ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಐದು ವರ್ಷ ಕಳೆದು ಒಂದು ಪಾಲಿಕೆ ಐದಾಯಿತು, ಚುನಾವಣೆ ಮಾತ್ರ ಅಷ್ಟರೊಳಗೆ ಆಗಲಿಲ್ಲ. ಅಂಡರ್‌ಪಾಸುಗಳಲ್ಲಿ ಕೆಲವು ಪಾಲಿಕೆಯವು, ಕೆಲವು ರೈಲ್ವೆಯವು, ಹೆದ್ದಾರಿಯವು ಇನ್ನೊಬ್ಬರವು. ಗೇಟು ಹಾಕುವ ಹೊಣೆ ಎಂಜಿನಿಯರದೋ ಸಂಚಾರ ಪೊಲೀಸರದೋ ಎಂದು ಕೇಳಿದರೆ ಎರಡೂ ಕಡೆಯವರು ಇನ್ನೊಂದು ಕಡೆಗೆ ಕೈ ತೋರಿಸುತ್ತಾರೆ. ಗಾಳಿಗೆ ಬೀಳುವ ಬ್ಯಾರಿಕೇಡನ್ನೇ ನಂಬಿ ಕೂರುವ ಬದಲು ಗೋಡೆಗೆ ಕೆಂಪು ಪಟ್ಟಿ ಬಳಿದು, ನೀರು ಅದನ್ನು ಮುಟ್ಟಿದರೆ ರಸ್ತೆ ಬಂದ್ ಎಂದು ಬರೆಯಲು ಒಂದು ಡಬ್ಬ ಬಣ್ಣ ಸಾಕು. ಮಳೆಯ ಮುನ್ಸೂಚನೆಗೂ ಕೊರತೆಯಿಲ್ಲ. ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಳೆಮಾಪಕಗಳ ಜಾಲವನ್ನೇ ಇಟ್ಟುಕೊಂಡಿದೆ, 'ಬೆಂಗಳೂರು ಮೇಘ ಸಂದೇಶ' ಎಂಬ ಆ್ಯಪ್ ಕೂಡ ಬಂದಿದೆ. ಆ ಮಾಹಿತಿ ಅಂಡರ್‌ಪಾಸಿನ ಬಾಯಿಯ ತನಕ ನಡೆದು ಬರುವುದಿಲ್ಲ, ಅಷ್ಟೇ.

ನಾನು ದಿನಾ ದಾಟುವ ಅಂಡರ್‌ಪಾಸಿನ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಬರಬೇಕು. ಕೇಳಿರುವುದು ನಾಲ್ಕು ಪ್ರಶ್ನೆ: ಇದರ ಜಾಲರಿ ಮತ್ತು ಚರಂಡಿಯ ಹೂಳು ಕೊನೆಯ ಬಾರಿ ತೆಗೆದ ದಿನಾಂಕ ಯಾವುದು? ಇಲ್ಲಿ ಪಂಪ್ ಇದೆಯೇ, ಕರೆಂಟ್ ಹೋದಾಗ ಅದಕ್ಕೆ ಜನರೇಟರ್ ಇದೆಯೇ? ಎಷ್ಟು ನೀರು ನಿಂತರೆ ರಸ್ತೆ ಮುಚ್ಚಬೇಕೆಂಬ ಲಿಖಿತ ಆದೇಶ ಇದೆಯೇ? ರಾತ್ರಿ ಹನ್ನೊಂದರ ಮೇಲೆ ಮಳೆ ಬಂದರೆ ಗೇಟು ಹಾಕುವ ಸಿಬ್ಬಂದಿಯ ಹುದ್ದೆ ಯಾವುದು? ನಿಮ್ಮ ದಾರಿಯಲ್ಲೂ ಒಂದು ಅಂಡರ್‌ಪಾಸೋ, ಮುಳುಗು ಸೇತುವೆಯೋ ಇದ್ದೇ ಇರುತ್ತದೆ. ಜಾಗದ ಹೆಸರು ಬದಲಿಸಿಕೊಂಡು ಇದೇ ನಾಲ್ಕು ಪ್ರಶ್ನೆ ಕಳಿಸಬಹುದು.